ಉಬ್ಬರಕ್ಕೆ ಅರ್ಧ, ಇಳಿತಕ್ಕೆ ಅರ್ಧ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ ಎರಡು ತಾಸು.
ಮೀನಿನ ಖಾಲಿ ಕ್ರೇಟು ಬೋರಲು ಹಾಕಿ, ಮೇಲೊಂದು ಗೋಣಿತಾಟು,
ಅದರ ಮೇಲೆ ನನ್ನ ಹಳೆಯ ಇಸ್ಪೀಟು ಕಟ್ಟು.
ಪಣಜಿಯಲ್ಲಿ ಆರು ವರ್ಷ ಎಲೆ ಹಂಚಿದ ಕೈ ಇದು,
ಹಡಗು ಅಂತ ಹೆಸರು, ಎಲ್ಲಿಗೂ ಹೋಗದ ಹಡಗು.
ಇಲ್ಲಿ ದುಡ್ಡಿಲ್ಲ. ಆಡುವುದು ಬೆಳಚಿನ ಚಿಪ್ಪಿಗೆ,
ಗುಲಾಬಿ ಸುಲಿದು ಬುಟ್ಟಿಯ ತಳದಲ್ಲಿಟ್ಟದ್ದು.

ಕೇಳಿ. ಒಬ್ಬೊಬ್ಬರಿಗೆ ನಾಲ್ಕು ಎಲೆ, ಅದು ನಿಮ್ಮ ಗುಟ್ಟು.
ನಡುವೆ ಐದು, ಅದು ಊರಿನದು:
ಮೊದಲು ಮೂರು ಒಟ್ಟಿಗೆ, ಆಮೇಲೊಂದು, ಆಮೇಲೊಂದು.
ಪ್ರತಿ ಸಲವೂ ಚಿಪ್ಪು ಹಾಕುವುದು, ಬೇಕಾದರೆ ಏರಿಸುವುದು,
ಆಗದವರು ಎಲೆ ಮಡಚುವುದು.
ಕೊನೆಗೆ ಕೈಯಿಂದ ಎರಡು, ನಡುವಿನಿಂದ ಮೂರು.
ಎರಡು ಅಂದರೆ ಎರಡೇ.

ಮೊದಲ ಆಟಕ್ಕೇ ಇನಾಸ ಕುಣಿದ,
"ಐದೂ ಇಸ್ಪೀಟು ನಂದು!"
ಕೈಯಲ್ಲಿ ನಾಲ್ಕು, ನಡುವೆ ಒಂದು.
ಇನಾಸಾ, ಕೈತುಂಬ ಇದ್ದದ್ದು ಕೈಯಲ್ಲೇ ಕೊಳೆಯುತ್ತದೆ ಇಲ್ಲಿ,
ಊರಿನ ಮೂರು ಕೂಡದೆ ಯಾವುದೂ ಕೂಡುವುದಿಲ್ಲ.
ಎಂಜಿನ್ ಎಣ್ಣೆಯ ಬೆರಳಿಂದ ಒಂದೊಂದೇ ಎಲೆ ಮುಟ್ಟಿ ನೋಡಿದ
ನಟ್ಟು ಕಳೆದುಕೊಂಡವನ ಹಾಗೆ.

ಇನ್ನು ರಾಶಿ. ಬಿದ್ದ ಚಿಪ್ಪೆಲ್ಲ ಎರಡು ಪಾಲು.
ಅಲ್ಲಿ ಇದಕ್ಕೆ ಇಂಗ್ಲಿಷಿನಲ್ಲಿ ಏನೇನೋ ಹೆಸರು,
ನಿಮಗೆ ಉಬ್ಬರ, ಇಳಿತ ಅಂದರೆ ಸಾಕು.
ದೊಡ್ಡ ಕೈಗೆ ಉಬ್ಬರದ ಅರ್ಧ.
ಸಣ್ಣ ಕೈಗೆ ಇಳಿತದ ಅರ್ಧ:
ಐದೂ ಬೇರೆ ಬೇರೆ, ಎಂಟರ ಮೇಲೆ ಒಂದೂ ಇರಬಾರದು,
ಎಷ್ಟು ಕೆಳಗೋ ಅಷ್ಟು ಮೇಲು.
ಎರಡು ದೋಣಿಯಲ್ಲಿ ಕಾಲಿಟ್ಟವ ಮುಳುಗಿದ ಅಂತಾರಲ್ಲ,
ಎಕ್ಕ ಮುಳುಗುವುದಿಲ್ಲ. ಮೇಲೆಯೂ ಅದೇ, ಕೆಳಗೂ ಅದೇ.
ಎಕ್ಕದ ಮಗ್ಗುಲಿಗೆ ಎರಡು ಬಂದರೆ
ಮನೆ ಹೊತ್ತಿ ಉರಿದರೂ ಏಳಬೇಡಿ.

"ಇಳಿತ ಯಾರಿಗೂ ಆಗದಿದ್ದರೆ?" ಗುಲಾಬಿ ಕೇಳಿದಳು.
ನಡುವಿನ ಐದರಲ್ಲಿ ಸಣ್ಣವು ಮೂರು ಬೀಳದಿದ್ದರೆ
ಇಳಿತವೇ ಇಲ್ಲ. ಎಲ್ಲ ಉಬ್ಬರಕ್ಕೆ.
"ಓ," ಎಂದಳು, ಖೇಮು ತಾಂಡೇಲನ ಕಡೆ ನೋಡದೆ,
"ಬೋಟಿನ ಲೆಕ್ಕ.
ಡೀಸೆಲ್ಲು ಕಳೆದು, ಬರ್ಫ ಕಳೆದು, ಬಲೆ ಕಳೆದು..."
ಬೋಟಿನ ಯಜಮಾನ ಕಿಸೆಯಲ್ಲಿ ಬೀಡಿ ಹುಡುಕಿದ.

ಕಡೆಯ ಆಟ. ದಾಮು ಒಂದೇ ಚಿಪ್ಪು ಹಾಕಿ ಮೊದಲೇ ಮಡಚಿದ್ದ.
ನಡುವೆ ನಾಲ್ಕು, ಏಳು, ರಾಣಿ.
ಎಂಟು. ಖೇಮು ಏರಿಸಿದ.
ಇನ್ನೊಂದು ರಾಣಿ. ಮತ್ತೆ ಏರಿಸಿದ.
ಗುಲಾಬಿಯದು ಬಂಗಡೆಗೆ ದರ ಹೇಳುವಾಗಿನ ಮುಖ,
ಎಷ್ಟಕ್ಕೆ ಇಳಿಯುತ್ತಾಳೋ ಯಾರಿಗೂ ತಿಳಿಯದು.
ಉಳಿದ ಮೂವರದೂ ಹದಿನಾರು ಹದಿನಾರು ಒಳಗೆ ಬಿತ್ತು.
ಖೇಮುವಿನ ಕೈಯಲ್ಲಿ ರಾಣಿ, ಎಂಟು:
ಮೂರು ರಾಣಿ, ಎರಡೆಂಟು, ಉಬ್ಬರ ಅವನದು.
ಗುಲಾಬಿ ಇಟ್ಟಳು ಎಕ್ಕ, ಎರಡು. ಇಳಿತ!
ಇನಾಸ ಮೆಲ್ಲಗೆ, ತಪ್ಪು ಮಾಡಿದವನ ಹಾಗೆ,
ತನ್ನದೂ ತಿರುಗಿಸಿದ. ಎಕ್ಕ, ಎರಡು.

ಅರ್ಧದಲ್ಲಿ ಅರ್ಧ.
ಹದಿನಾರು ಹಾಕಿ ಹನ್ನೆರಡು ಎತ್ತುವುದು.
ಗೆದ್ದೆ ಅಂತ ಮನೆಯಲ್ಲಿ ಹೇಳಬಹುದು, ನಾಲ್ಕು ಕಮ್ಮಿ.
ಹಡಗಿನಲ್ಲಿ ಹೀಗೆ ಗೆದ್ದವರ ಮುಖ ಎಷ್ಟು ನೋಡಿದ್ದೇನೋ,
ಅವರಿಗೆ ಒಂದು ಲೋಟ ನೀರು ಕೊಡುವುದೂ ನನ್ನ ಕೆಲಸವಾಗಿರಲಿಲ್ಲ.

ಇಪ್ಪತ್ನಾಲ್ಕು, ಹನ್ನೆರಡು, ಹನ್ನೆರಡು. ಗೋಣಿಯ ಮೇಲೆ ಉಳಿಯಿತು
ದಾಮುವಿನ ಒಂಟಿ ಚಿಪ್ಪು.
ಪಾಲಾಗದ್ದು ಉಬ್ಬರಕ್ಕೆ ಸೇರಬೇಕು, ಅಲ್ಲಿನ ಕಾನೂನು. ನಾನೇ ಹೇಳಿದೆ.
ಖೇಮು ಕೈ ಚಾಚಿದ.
ಅಷ್ಟರಲ್ಲಿ ಕರೆಂಟು ಬಂತು, ಐಸು ಪುಡಿಮಾಡುವ ಯಂತ್ರ ಗುಡುಗಿತು,
ಚಿಪ್ಪು ಗುಲಾಬಿಯ ಸೆರಗಿನ ಗಂಟಿನಲ್ಲಿತ್ತು.
ಬುಟ್ಟಿ ತಲೆಗೇರಿಸಿ, ಆ ಗದ್ದಲದ ಮೇಲೆ ಕೂಗಿದಳು:
"ಕಾಳಿಯ ನೀರು ಇಳಿದಾಗ
ಮೊಣಕಾಲು ಕೆಸರಲ್ಲಿ ನಿಂತು
ಇದನ್ನ ಆರಿಸಿದ್ದು ಯಾರು?"